ಅಳಿಯಂದಿರ ಜೀಪಿಗೆ ಚಕ್ರ ಒದಗಿಸಿದ ಬಗ್ಗೆ

ಅಳಿಯಂದಿರ ಜೀಪಿಗೆ ಹೊಸ ಚಕ್ರಗಳನ್ನು ಒದಗಿಸಿದ ವಿಷಯದಲ್ಲಿ ನನ್ನ ಮೇಲೆ ಬಂದಿರುವ ಆಪಾದನೆಗಳು ಎರಡು. ಒಂದು ಜಿಪುಣತನ, ಇನ್ನೊಂದು ಅಪಶಕುನ. ಇವಕ್ಕೆ ನಾನು ಬಾಯಿಮಾತಿನಲ್ಲಿ ಕೊಟ್ಟ ಉತ್ತರಗಳನ್ನು ಈವರೆಗೆ ಯಾರೂ ಪರಿಗಣಿಸಿಲ್ಲ. ಆದಕಾರಣ ನಡೆದ ಸಂಗತಿಯನ್ನು ನಡೆದ ಕ್ರಮದಲ್ಲಿಯೇ ಓದುಗರ ಅವಗಾಹನೆಗೆ ತರಲು ಈ ಮೂಲಕ ಪ್ರಯತ್ನಿಸಿದ್ದೇನೆ.

ನಾನು ಮಂಡ್ಯದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತರ ಮೇಲಿನ ಗುಮಾಸ್ತನಾಗಿ ನಿವೃತ್ತನಾದವನು. ಸೇವಾವಧಿಯಲ್ಲಿ ಬರೆದದ್ದು ಬಹಳ. ಆದರೆ ಬರೆದುದೆಲ್ಲವೂ ಇನ್ನೊಬ್ಬರ ಸಹಿಗಾಗಿ. “ನಾನು” ಎಂದು ವಾಕ್ಯ ಆರಂಭಿಸುವಾಗ ಈಗಲೂ ಕೈ ತಡೆಯುತ್ತದೆ. ಇದು ಅಚ್ಚಿಗೆ ಯೋಗ್ಯವೋ ಅಲ್ಲವೋ ಎಂಬ ಸಂದೇಹವೂ ಇದೆ. ಭಾಷೆ ಎಲ್ಲಿಯಾದರೂ ಕಚೇರಿಯ ಹಾಗೆ ಕೇಳಿಸಿದರೆ, ನನಗೆ ಬರುವುದು ಅದೊಂದೇ ಭಾಷೆಯೆಂದು ತಿಳಿದು ಮನ್ನಿಸಬೇಕಾಗಿ ಕೋರುತ್ತೇನೆ.

ನಮಗೆ ಒಬ್ಬಳೇ ಮಗಳು. ಆಕೆಯನ್ನು ಮಳವಳ್ಳಿ ತಾಲ್ಲೂಕಿನ ಪೂರಿಗಾಲಿ ಕಡೆಯ ಒಂದು ಬೇಸಾಯದ ಮನೆಗೆ ಕೊಟ್ಟಿದ್ದೇವೆ. ಅನುಕೂಲಸ್ಥರು, ಬಾಳೆ, ಭತ್ತ, ಹಿಪ್ಪುನೇರಳೆ ಎಲ್ಲವೂ ಇದೆ. ಅಳಿಯಂದಿರು ಓದಿದವರು, ನಗುಮುಖದವರು, ದುಡಿಯುವವರು. ಅವರ ತಂದೆ ಇಲ್ಲ, ತಾಯಿಯದೇ ಯಜಮಾನಿಕೆ. ಮಗಳು ಮದುವೆಗೆ ಮುಂಚಿನಿಂದಲೂ ಶಾಲಾ ಶಿಕ್ಷಕಿ. ಮದುವೆಯ ನಂತರ ಮಳವಳ್ಳಿಯ ಒಂದು ಖಾಸಗಿ ಶಾಲೆಗೆ ಸೇರಿಕೊಂಡಳು, ಅದಕ್ಕೂ ಅವರ ಮನೆಯಲ್ಲಿ ಅಡ್ಡಿ ಬರಲಿಲ್ಲ. ಮಾತುಕತೆಯ ದಿನ ವರದಕ್ಷಿಣೆಯ ಪ್ರಸ್ತಾಪವೇ ಆಗಲಿಲ್ಲ. “ನಮಗೇನೂ ಬ್ಯಾಡ ಕಣಣ್ಣ, ಎಣ್ ಕೊಡಿ ಸಾಕು” ಎಂದರು ಬೀಗಿತಿ. ಈ ಮಾತನ್ನು ನಾನು ಬಂಧುಗಳಲ್ಲಿ, ಹಳೆಯ ಸಹೋದ್ಯೋಗಿಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಹೇಳಿಕೊಂಡದ್ದು ಅವಸರವಾಯಿತು.

ಮದುವೆಯಾದ ವರ್ಷವೇ ದಸರಾ ಹತ್ತಿರ ಬರುವಾಗ ಬೀಗಿತಿ ದೂರವಾಣಿ ಮಾಡಿದರು. ಮಳೆ, ಬೆಳೆ, ನನ್ನ ಹೆಂಡತಿಯ ಮಂಡಿನೋವು ಎಲ್ಲ ವಿಚಾರಿಸಿದ ಬಳಿಕ ಕೊನೆಯಲ್ಲಿ ಹೇಳಿದರು:

“ನಾವೇನ್ ಕೇಳ್ನಿಲ್ಲ ಬೀಗ್ರೆ, ನೀವೇ ಕಂಡಿದ್ದೀರಿ. ಮೊದಲ್ನೆ ಆಯ್ದ್‌ಪೂಜೆ, ಐಕ್ಳು ಆಸೆ ಪಡ್ತಾ ಅವೆ. ಜೀಪ್‌ಗೊಂದ್ ಸೆಟ್ ಚಕ್ರ ಕೊಡ್ಸ್ಬುಡಿ, ಅಷ್ಟೆಯ. ಬ್ಯಾರೆ ಏನೂ ಬ್ಯಾಡ.”

ಅಷ್ಟೆಯ. ನಾನು ಒಪ್ಪಿದೆ. ಒಪ್ಪದೆ ಇರುವ ಅವಕಾಶ ಆ ವಾಕ್ಯದಲ್ಲಿ ಎಲ್ಲಿಯೂ ಇರಲಿಲ್ಲ.

ಸದರಿ ಜೀಪಿನ ವಿಷಯವನ್ನು ಇಲ್ಲಿ ತಿಳಿಸುವುದು ಅವಶ್ಯ. ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ ಹೋಗುವ ವಾಹನ ಅದು. ಅಳಿಯಂದಿರು ಭಾನುವಾರಗಳಲ್ಲಿ ತಮ್ಮಂಥದೇ ಜೀಪುಗಳಿರುವ ಗೆಳೆಯರ ಜೊತೆ ಕಲ್ಲುಕ್ವಾರಿ, ಹೊಳೆಯ ಮರಳು, ಕಾಡಿನ ಜಾಡು ಎಂದು ರಸ್ತೆಯಿಲ್ಲದ ಕಡೆಗೇ ಹುಡುಕಿಕೊಂಡು ಹೋಗುತ್ತಾರೆ. ಉಳಿದ ದಿನಗಳಲ್ಲಿ ಅದೇ ಜೀಪು ಬಾಳೆಗೊನೆ ಹೊರುತ್ತದೆ, ಗೊಬ್ಬರದ ಮೂಟೆ ಹೊರುತ್ತದೆ, ನನ್ನ ಮಗಳನ್ನೂ ಹೊರುತ್ತದೆ. ಏಕೆಂದರೆ ಅವರ ಮನೆ ಊರೊಳಗಿಲ್ಲ, ತೋಟದಲ್ಲಿದೆ. ತೋಟದಿಂದ ಡಾಂಬರು ರಸ್ತೆಗೆ ಬರಬೇಕಾದರೆ ನಾಲೆಯ ಏರಿಯೊಂದೇ ದಾರಿ. ಏರಿಯ ಮೇಲೆ ಎರಡು ಗಾಲಿಗಳ ಜಾಡು ಬಿಟ್ಟರೆ ಬೇರೆ ಜಾಗವಿಲ್ಲ. ರಸ್ತೆಯ ಕಡೆಗೆ ಬರುವಾಗ ಎಡಕ್ಕೆ ನೀರು, ಬಲಕ್ಕೆ ಆಳೆತ್ತರದ ತಗ್ಗಿನಲ್ಲಿ ಗದ್ದೆ. ಶಾಲೆಯಿದ್ದ ದಿನವೆಲ್ಲ ಬೆಳಿಗ್ಗೆ ನನ್ನ ಮಗಳು ಬಾಳೆಗೊನೆಗಳ ಜೊತೆ ಆ ಏರಿಯ ಮೇಲೆ ಬರುತ್ತಾಳೆ.

ಮದುವೆಯ ನಂತರ ಮೊದಲ ಸಲ ಹೋದಾಗ ನಾನೂ ಆ ದಾರಿಯಲ್ಲಿ ಅದೇ ಜೀಪಿನಲ್ಲಿ ಬಂದೆ. ಹೆದರಿಕೆಯನ್ನು ಮರೆಯಲು, ಬಾಗಿಲ ಒಳಬದಿಯಲ್ಲಿ ತಯಾರಕರು ಹಚ್ಚಿದ್ದ ತಗಡನ್ನು ಓದುತ್ತ ಕುಳಿತೆ. ಅಕ್ಷರ ಕಂಡಲ್ಲಿ ಓದುವುದು ನನ್ನ ವೃತ್ತಿ ಕಲಿಸಿದ ಚಟ. ಸಾಮಾನು, ಜನ ಎಲ್ಲ ಸೇರಿ ವಾಹನದ ಒಟ್ಟು ತೂಕ ಎರಡೂವರೆ ಸಾವಿರ ಕಿಲೋ ಮೀರಬಾರದೆಂದು ಅದರಲ್ಲಿತ್ತು. ಅಂದು ಅದರಿಂದ ನನಗೆ ಯಾವ ಪ್ರಯೋಜನವೂ ಇರಲಿಲ್ಲ.

ದಸರಾ ಆರಂಭವಾದ ಮೇಲೆ ಒಂದು ಬೆಳಿಗ್ಗೆ ಮಂಡ್ಯದಲ್ಲಿ ಹೆದ್ದಾರಿಯ ಮಗ್ಗುಲಿನ ಟೈರು ಅಂಗಡಿಗೆ ಹೋದೆ. ಅಂಗಡಿಯವರು ಮುಸ್ಲಿಂ ಮನೆತನದವರು, ತಂದೆಯ ಕಾಲದಿಂದ ಅದೇ ವ್ಯಾಪಾರ. ನಮ್ಮ ಕಚೇರಿಯ ವಾಹನಗಳಿಗೆ ಟೈರು ಹಾಕಿಸುತ್ತಿದ್ದ ದಿನಗಳಿಂದ ನನಗೆ ಪರಿಚಿತರು. ವಿಷಯ ತಿಳಿಸಿದ ಕೂಡಲೇ ಅವರು ಕುರ್ಚಿಯಿಂದ ಎದ್ದರು.

“ಅಳಿಯಂಗಾ? ಬನ್ನಿ ಸಾರ್, ಒಳಗೆ ಬನ್ನಿ. ಅಳಿಯನ ಮಾಲು ಬೇರೆ ಇದೆ.”

ಒಳಗೆ ಗೋಡೆಯ ತುಂಬ ಅಲಾಯ್, ಅಂದರೆ ಮಿಶ್ರಲೋಹದ, ಚಕ್ರಗಳು ನೇತಾಡುತ್ತಿದ್ದವು. ಕೆಲವು ಬೆಳ್ಳಿಯ ಬಣ್ಣ, ಕೆಲವು ತಾಮ್ರದ ಬಣ್ಣ. ದೇವಸ್ಥಾನದ ಪ್ರಭಾವಳಿಯಂತೆ ಕಡ್ಡಿಗಳು ಹರಡಿಕೊಂಡಿದ್ದವು. ಅಳಿಯಂದಿರು ನನ್ನ ಫೋನಿಗೆ ಕಳಿಸಿದ್ದ ಚಿತ್ರದಲ್ಲಿದ್ದುದು ಅಂಥದ್ದೇ. ಅದನ್ನು ಇಳಿಸಲು ಹೇಳಿದೆ. ನೆಲದ ಮೇಲೆ ಇಟ್ಟರು. ನಾನು ಅದನ್ನು ಬೋರಲು ಹಾಕಿದೆ. ಏಕೆ ಹಾಕಿದೆನೆಂದರೆ, ಯಾವುದೇ ಕಾಗದದ ಹಿಂಬದಿ ನೋಡದೆ ಮುಂದಕ್ಕೆ ಕಳಿಸಬಾರದೆಂಬುದು ನಮ್ಮ ಶಾಖೆಯ ಪದ್ಧತಿಯಾಗಿತ್ತು. ಒಂದು ಕಡ್ಡಿಯ ಹಿಂದೆ ಎರಕದಲ್ಲಿ ಉಬ್ಬಿದ ಸಣ್ಣ ಅಂಕಿಗಳಿದ್ದವು.

“ಇದೇನು ಭಾಯ್, ಐನೂರ ಅರವತ್ತು?”

“ಲೋಡು ಸಾರ್. ಒಂದೊಂದು ವೀಲು ಅಷ್ಟು ಕೆಜಿ ತಡೀತದೆ ಅಂತ.”

“ನಾಲ್ಕಕ್ಕೂ ಸೇರಿ ಎರಡು ಸಾವಿರದ ಇನ್ನೂರ ನಲವತ್ತು. ಜೀಪಿನ ತಗಡಿನಲ್ಲಿ ಎರಡೂವರೆ ಸಾವಿರ ಅಂತಿದೆ.”

“ಇದು ಕಾರಿಂದು ಸಾರ್. ಜೀಪ್‌ಗೂ ಬೋಲ್ಟು ಕೂರ್ತದೆ, ಅದಕ್ಕೆ ಎಲ್ಲಾರೂ ಹಾಕ್ಕೋತಾರೆ.” ಅವರು ನಕ್ಕರು. “ಹಿಂದ್ಗಡೆ ತಿರುಗಿಸಿ ನೋಡಿದ ಗಿರಾಕಿ ನೀವೇ ಫಸ್ಟು. ಹೆಣ್ಣು ನೋಡೋಕೆ ಹೋಗಿ ಜಡೆ ನೋಡ್ಕೊಂಡು ಬಂದಂಗಾಯ್ತು.”

ನಾನು ನಗಲಿಲ್ಲ. ಲೆಕ್ಕ ಅಲ್ಲಿಗೇ ಮುಗಿಯುವುದೂ ಇಲ್ಲ. ತೂಕವು ನಾಲ್ಕು ಚಕ್ರಗಳ ಮೇಲೆ ಸಮವಾಗಿ ಹಂಚಿಕೆಯಾಗುವುದಿಲ್ಲ. ಸಾಮಾನು ಹಿಂದೆ ತುಂಬುವುದರಿಂದ ಹೆಚ್ಚಿನ ಪಾಲು ಹಿಂದಿನ ಎರಡಕ್ಕೆ ಬೀಳುತ್ತದೆ. ಹಳ್ಳಕೊಳ್ಳದಲ್ಲಿ ಒಂದು ಚಕ್ರ ನೆಲ ಬಿಟ್ಟು ಎದ್ದಾಗ ಅದರ ಪಾಲನ್ನೂ ಉಳಿದವು ಹೊರಬೇಕು. ನಾಲ್ವರು ಇರಬೇಕಾದ ಶಾಖೆಯಲ್ಲಿ ಒಬ್ಬ ರಜೆ ಹಾಕಿ, ಇನ್ನೊಬ್ಬ ಮೈಗಳ್ಳನಾದರೆ ಉಳಿದ ಇಬ್ಬರ ಗತಿ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿದೆ. ಆದ್ದರಿಂದ ಒಂದೊಂದು ಚಕ್ರಕ್ಕೂ ತನ್ನ ಪಾಲಿಗಿಂತ ಸಾಕಷ್ಟು ಹೆಚ್ಚು ತಡೆಯುವ ಶಕ್ತಿ ಇರಲೇಬೇಕು. ನೋಡಲು ಚೆಂದವಾಗಿದ್ದು ಶಕ್ತಿಯೂ ಇರುವ ಅಲಾಯ್ ಇಲ್ಲವೇ ಎಂದು ವಿಚಾರಿಸಿದೆ. ಇದೆ, ಆದರೆ ತರಿಸಬೇಕು, ಹಬ್ಬ ಕಳೆದ ಮೇಲೆ ಬರುತ್ತದೆ ಎಂದರು. ಅಂಗಡಿಯ ಹಿಂದೆ ಒಂದರ ಮೇಲೊಂದು ಪೇರಿಸಿದ್ದ ಉಕ್ಕಿನ ಚಕ್ರಗಳ ಮೇಲೆ ಒಂಬೈನೂರು ಎಂದಿತ್ತು. ಅವು ಕಪ್ಪಗಿದ್ದವು. ಹೂವಿಲ್ಲ, ಕಡ್ಡಿಯಿಲ್ಲ, ಬಾಣಲೆಗೆ ತೂತು ಹೊಡೆದಂತೆ ಇದ್ದವು.

“ಇದನ್ನೇ ಕೊಡಿ.”

“ಅಳಿಯನ ಮೇಲೆ ಸಿಟ್ಟೇನು ಸಾರ್?” ಎಂದರು. ಬಳಿಕ ಸ್ವಲ್ಪ ಯೋಚಿಸಿ, “ಸಿಲ್ವರ್ ಪೇಂಟ್ ಹೊಡೆಸಿಕೊಡ್ಲಾ? ಹಬ್ಬದ ದಿನ ಮಿಂಚಿದ್ರೆ ಸಾಕು” ಎಂದರು.

ಬೇಡವೆಂದೆ. ಒಳ್ಳೆಯ ವಸ್ತುವಿಗೆ ಬಣ್ಣ ಬಳಿದು ಕೊಟ್ಟರೆ ಏನನ್ನೋ ಮುಚ್ಚಿಟ್ಟಂತೆ ಆದೀತೆಂದು ನನ್ನ ಅಭಿಪ್ರಾಯವಾಗಿತ್ತು. ನನ್ನ ಹೆಂಡತಿಯ ಅಭಿಪ್ರಾಯವು ಇಂದಿಗೂ ಇದಕ್ಕೆ ವಿರುದ್ಧವಾಗಿದೆ.

ಆಯುಧಪೂಜೆಗೆ ಮುಂಚೆ ಚಕ್ರಗಳು ಜೀಪಿಗೆ ಕೂರಬೇಕಿತ್ತು. ಆದ್ದರಿಂದ ಅವನ್ನು ಲಗೇಜ್ ಆಟೋದಲ್ಲಿ ಹಾಕಿಸಿಕೊಂಡು, ಹಣ್ಣು, ಹೂವು, ಸೀರೆ ಸಮೇತ ನಾನೂ ನನ್ನ ಹೆಂಡತಿಯೂ ಪೂರಿಗಾಲಿ ಕಡೆಗೆ ಹೊರಟೆವು. ಚಕ್ರಗಳ ಹಿಂಬದಿ ನೋಡಿದೆ, ಅಂಕಿ ನೋಡಿದೆ, ಬೋಲ್ಟಿನ ತೂತು ಸರಿಯಿದೆಯೇ ಎಂದು ನೋಡಿದೆ. ವಾರ ನೋಡಲಿಲ್ಲ. ಅಂದು ಶನಿವಾರ.

ನಮ್ಮ ಕಡೆ ಶನಿವಾರ ಮನೆಗೆ ಕಬ್ಬಿಣ ತರುವುದಿಲ್ಲ. ಶನಿಯ ಕಾಟ ಕಳೆಯಲೆಂದು ಬೇರೆಯವರಿಗೆ ದಾನ ಕೊಡುವ ಪದಾರ್ಥಗಳು ಕಬ್ಬಿಣ, ಎಳ್ಳು, ಕಪ್ಪು ಬಟ್ಟೆ. ಇದು ನನಗೆ ತಿಳಿಯದ ವಿಷಯವಲ್ಲ; ಪೇಟೆಯಲ್ಲಿ ಇದ್ದೂ ಇದ್ದೂ ನೆನಪಿನಿಂದ ಜಾರಿಹೋಗಿತ್ತು. ನನ್ನ ಹೆಂಡತಿಗೆ ನೆನಪಾದದ್ದು ಮಳವಳ್ಳಿ ದಾಟಿದ ಮೇಲೆ. “ಉಕ್ಕು ಕಬ್ಬಿಣದ ಲೆಕ್ಕಕ್ಕೆ ಬರುತ್ತಾ?” ಎಂದು ಕೇಳಿದಳು. ನಾನು ಆಟೋದವನಿಗೆ ದಾರಿ ಹೇಳತೊಡಗಿದೆ.

ಆಟೋ ತೋಟದ ಮನೆಯ ಮುಂದೆ ನಿಂತಾಗ ಮಗಳು ನಗುತ್ತ ಹೊರಗೆ ಬಂದಳು. ಹಿಂದೆಯೇ ಅಳಿಯಂದಿರು. ಬೀಗಿತಿ ಜಗುಲಿಯ ಮೇಲೆ ಅಕ್ಕಿ ಹಸನು ಮಾಡುತ್ತಿದ್ದವರು ಮೊರವನ್ನು ಕೆಳಗಿಟ್ಟರು. ಮೊದಲ ಚಕ್ರವನ್ನು ಇಳಿಸಿದಾಗ ಅಳಿಯಂದಿರು ಅದರ ಸುತ್ತ ಒಮ್ಮೆ ಬಂದರು. ಎರಡನೆಯದನ್ನು ಇಳಿಸಿದಾಗ ಕೇಳಿದರು:

“ಮಾವ, ಇದು ಟ್ರ್ಯಾಕ್ಟ್ರು ಟ್ರೈಲರ್‌ದಾ?”

“ಜೀಪಿನದೇ. ಒಂದೊಂದು ಒಂಬೈನೂರು ಕಿಲೋ ತಡೆಯುತ್ತದೆ. ನೀವು ಕಳಿಸಿದ ಚಿತ್ರದ್ದು ಐನೂರ ಅರವತ್ತಷ್ಟೇ. ಕಾರಿಗೆ ಮಾಡಿದ್ದು.”

“ನನ್ ಫ್ರೆಂಡ್ಸೆಲ್ಲ ಅದನ್ನೇ ಹಾಕ್ಕಂಡವ್ರೆ ಮಾವ. ಯಾರ್ದೂ ಮುರ್ದಿಲ್ಲ.” ಅವರು ಒರಟಾಗಿ ಹೇಳಲಿಲ್ಲ. ಬಹಳ ನಿರಾಸೆಯಾದ ಸ್ವರದಲ್ಲಿ ಹೇಳಿದರು. ಆ ಸ್ವರ ನನಗೆ ಹೆಚ್ಚು ಕಷ್ಟವಾಯಿತು.

ಬೀಗಿತಿ ಮೆಟ್ಟಿಲು ಇಳಿದು ಬಂದರು. ಚಕ್ರಗಳನ್ನು ಮುಟ್ಟಲಿಲ್ಲ. ಸೆರಗು ಸರಿಮಾಡಿಕೊಂಡು ನನ್ನ ಹೆಂಡತಿಯನ್ನು ಕೇಳಿದರು:

“ಇವತ್ತೇನ್ ವಾರ ಕಣವ್ವ?”

ಹೆಂಡತಿ ತಲೆ ತಗ್ಗಿಸಿದಳು.

“ಸನಿವಾರ. ಸನಿವಾರದ್ ದಿನ ಕರೀ ಕಬ್ಬುಣ ತಂದು ಅಟ್ಟಿ ಬಾಗ್ಲಲ್ಲಿ ಇಳಿಸ್ತಾ ಇದ್ದೀರಿ. ನಮ್ ಸನಿ ಓಗ್ಲಿ ಅಂತ ತಂದ್ರೋ, ನಿಮ್ ಸನಿ ಓಗ್ಲಿ ಅಂತ ತಂದ್ರೋ?”

ಆಟೋದವನು ಮುಖ ತಿರುಗಿಸಿಕೊಂಡು ನಕ್ಕ. ನಾನು ಹೊರೆಯ ಲೆಕ್ಕವನ್ನು ಮತ್ತೊಮ್ಮೆ ವಿವರಿಸಲು ಆರಂಭಿಸಿದೆ: ಹಿಂದಿನ ಚಕ್ರದ ಪಾಲು ಎಷ್ಟು, ಏರಿಯ ದಾರಿ ಎಂಥದ್ದು, ಮಗಳು ದಿನವೂ ಕೂರುವ ವಾಹನ. ಬೀಗಿತಿ ಕೈ ಎತ್ತಿ ತಡೆದರು.

“ಬುಡಿ ಬೀಗ್ರೆ. ಕೊಡಕೆ ಮನ್ಸಿಲ್ದಿದ್ರೆ ಇಲ್ಲ ಅಂದ್ಬುಡ್ಬೇಕು. ತೂಕದ್ ಮಾತ್ಯಾಕೆ? ಕೈ ತೊಳ್ಕಳಿ, ಊಟ ಮಾಡಿ.”

ನಾವು ಊಟ ಮಾಡಿದೆವು. ಬಡಿಸುವುದರಲ್ಲಿ ಯಾವ ಲೋಪವೂ ಇರಲಿಲ್ಲ. ಒಬ್ಬಟ್ಟಿನ ಮೇಲೆ ತುಪ್ಪವನ್ನು ಬೇಡವೆಂದರೂ ಹಾಕಿದರು. ಚಕ್ರಗಳು ಮಾತ್ರ ಅಂಗಳಕ್ಕೆ ಬರಲಿಲ್ಲ. ಹೊರಗೆ ಹೊಂಗೆ ಮರದ ಕೆಳಗೆ ಅವನ್ನು ಇಡಿಸಿದರು. ನಾವು ಹೊರಡುವ ಹೊತ್ತಿಗೆ ಬೀಗಿತಿ ಒಂದು ಕಪ್ಪು ಬಟ್ಟೆಯ ಚೂರಿನಲ್ಲಿ ಎಳ್ಳು ಕಟ್ಟಿ, ಎಣ್ಣೆಯಲ್ಲಿ ಅದ್ದಿ, ಬತ್ತಿ ಮಾಡಿ ನನ್ನ ಮಗಳ ಕೈಗೆ ಕೊಟ್ಟರು.

“ನಿಮ್ಮಪ್ಪ ತಂದದ್ದು. ನೀನೇ ಅಚ್ಚವ್ವ.”

ಎಂ.ಎಸ್ಸಿ. ಓದಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನನ್ನ ಮಗಳು, ನನ್ನ ಎದುರಿನಲ್ಲಿಯೇ, ಮರದ ಕೆಳಗೆ ಎಳ್ಳುಬತ್ತಿ ಹಚ್ಚಿ, ಅದು ಉರಿದು ಮುಗಿಯುವವರೆಗೂ ಕೈಮುಗಿದು ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ. ಮುಂದೆಯೂ ಹಲವು ಶನಿವಾರ ಆಕೆಯೇ ಹಚ್ಚಬೇಕಾಯಿತೆಂದು ನಂತರ ತಿಳಿಯಿತು.

ಹಬ್ಬದ ದಿನ ಅಳಿಯಂದಿರು ಜೀಪಿನ ಚಿತ್ರ ಕಳಿಸಿದರು. ಚೆಂಡುಹೂವಿನ ಹಾರ, ಬಾಳೆಕಂದು, ಗಾಲಿಯ ಕೆಳಗೆ ನಿಂಬೆಹಣ್ಣು. ಚಕ್ರಗಳು ಬೆಳ್ಳಿಯ ಬಣ್ಣದವು. ಸ್ವಂತ ಖರ್ಚಿನಲ್ಲಿ, ಮೈಸೂರಿನಿಂದ ತಂದಿದ್ದರು. ನಾನು ಆ ಚಿತ್ರವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಮುಂಬದಿ ಮಾತ್ರ ಕಾಣುತ್ತಿತ್ತು. ನಾನು ಕೊಟ್ಟ ಚಕ್ರಗಳ ಪೈಕಿ ಒಂದನ್ನು ನೀರಿನ ಡ್ರಮ್ಮಿನ ಕೆಳಗೆ ಇಟ್ಟಿದ್ದಾರೆಂದೂ, ಉಳಿದವು ಹುಲ್ಲಿನ ಮೆದೆಯ ಟಾರ್ಪಾಲು ಹಾರದಂತೆ ಹಿಡಿದಿವೆಯೆಂದೂ ನಾನು ಕೇಳಿದ್ದಕ್ಕೆ ಮಗಳು ಹೇಳಿದಳು.

ಅಂದಿನಿಂದ ನಾನು ಕೈಗೊಂಡ ಕ್ರಮವೆಂದರೆ ಜ್ಞಾಪಿಸುವುದು. ಕಚೇರಿಯಲ್ಲಿ ಉತ್ತರ ಬಾರದ ಪತ್ರಕ್ಕೆ ಜ್ಞಾಪನ ಕಳಿಸುತ್ತೇವೆ. ಅದಕ್ಕೂ ಬಾರದಿದ್ದರೆ ಮತ್ತೊಂದು. ಮಗಳು ಫೋನಿಗೆ ಸಿಕ್ಕಾಗಲೆಲ್ಲ ಚಕ್ರಗಳನ್ನು ವಿಚಾರಿಸಿದೆ. ಗಾಳಿ ಇಳಿಯುತ್ತಿದೆಯೇ, ಸ್ಟೀರಿಂಗು ನಡುಗುತ್ತದೆಯೇ, ಹಿಂದೆ ಎಷ್ಟು ಗೊನೆ ತುಂಬುತ್ತಾರೆ. ಒಂದು ದಿನ ಆಕೆ ಹೇಳಿದಳು:

“ಅಪ್ಪ, ಫೋನ್ ಮಾಡಿದಾಗೆಲ್ಲ ಚಕ್ರ ಹೇಗಿದೆ ಅಂತೀರಿ. ನಾನು ಹೇಗಿದೀನಿ ಅಂತ ಒಂದು ಸಲಾನೂ ಕೇಳಲ್ಲ.”

“ಅದನ್ನೇ ಕಣಮ್ಮ ಕೇಳ್ತಿರೋದು.”

ಆ ಕಡೆ ಪಾತ್ರೆಯ ಸದ್ದು, ಬೀಗಿತಿಯ ದನಿ ಕೇಳಿಸಿತು. ಬಳಿಕ, “ಇಲ್ಲಿ ಎಲ್ಲರಿಗೂ ಕೇಳಿಸುತ್ತೆ. ಇಡ್ತೀನಿ” ಎಂದಳು.

ಮಗಳು ಗರ್ಭಿಣಿಯಾದ ಸುದ್ದಿ ಬಂದಿತು. ಬೀಗಿತಿಯೇ ಫೋನ್ ಮಾಡಿ, “ಇನ್ ಮ್ಯಾಲಾದ್ರೂ ಸನಿ ಮಾತು ಬುಟ್ಟು ಸಿವಾ ಅನ್ನಿ ಬೀಗ್ರೆ” ಎಂದು ನಕ್ಕರು. ನಾನೂ ನಕ್ಕೆ. ನಗು ಒಪ್ಪಿಗೆಯಂತೆ ಕೇಳಿಸಿರಬೇಕು. ಕೆಲವು ತಿಂಗಳು ಎಲ್ಲವೂ ಸರಿಯಾಗಿಯೇ ನಡೆಯಿತು. ಅನಂತರ ಒಂದು ಸಂಜೆ ಮಗಳು ಬೇರೆ ಏನನ್ನೋ ಹೇಳುತ್ತ ನಡುವೆ ಹೇಳಿಬಿಟ್ಟಳು: ಭಾನುವಾರ ಕ್ವಾರಿಯಲ್ಲಿ ಎಡಗಡೆಯ ಹಿಂದಿನ ಚಕ್ರ ಕಲ್ಲಿಗೆ ಬಡಿದು ಅಂಚಿನಲ್ಲಿ ಬಿರುಕು ಬಿಟ್ಟಿತ್ತು, ಗಾಳಿ ನಿಲ್ಲುತ್ತಿರಲಿಲ್ಲ, ಮದ್ದೂರಿನಲ್ಲಿ ವೆಲ್ಡಿಂಗ್ ಮಾಡಿಸಿಕೊಂಡು ಬಂದಿದ್ದಾರೆ, ಈಗ ಗಾಳಿ ನಿಂತಿದೆ.

“ಹೊಸದು ಹಾಕಿಸಬೇಕು ಕಣಮ್ಮ.”

“ವೆಲ್ಡಿಂಗ್ ಮಾಡ್ಸವ್ರಲ್ಲಪ್ಪ, ಬುಡಿ.”

“ಬುಡಿ” ಎಂದಳು. ನಮ್ಮ ಮನೆಯಲ್ಲಿದ್ದಷ್ಟು ಕಾಲ ಆಕೆ “ಬಿಡಿ” ಎನ್ನುತ್ತಿದ್ದಳು. ನಾನು ತಿದ್ದಲಿಲ್ಲ. ಅದು ತಪ್ಪೂ ಅಲ್ಲ. ಯಾವ ಮನೆಯಲ್ಲಿ ಇರುತ್ತೇವೋ ಆ ಮನೆಯ ಮಾತು ನಾಲಿಗೆಗೆ ಬರುತ್ತದೆ. ಆದರೆ ಅಂದು ರಾತ್ರಿ ನನಗೆ ಊಟ ಸೇರಲಿಲ್ಲ.

ಮರುದಿನ ಟೈರು ಅಂಗಡಿಯವರನ್ನು ಕೇಳಿದೆ. “ಬೆಸುಗೆ ಹಾಕಿದ್ರೆ ಗಾಳಿ ನಿಲ್ತದೆ ಸಾರ್. ಹೊರೆಗೆ ಎಷ್ಟು ತಡೀತದೋ ಅಲ್ಲಾಗೇ ಗೊತ್ತು. ಹಿಂದ್ಗಡೆ ಇರೋ ನಂಬರ್‌ನ ಮರೆತುಬಿಡಿ” ಎಂದರು. ಅಳಿಯಂದಿರಿಗೆ ತಾವೇ ಒಂದು ಮಾತು ಹೇಳಬಹುದೇ ಎಂದು ಕೋರಿದೆ. ಅವರು ತಲೆ ಅಲ್ಲಾಡಿಸಿದರು. “ನಾನು ಹೇಳಿದ್ರೆ ಇನ್ನೊಂದು ಸೆಟ್ ಮಾರೋಕೆ ಹೇಳ್ದ ಅಂತಾರೆ. ನೀವು ಹೇಳಿದ್ರೆ ನಿಮ್ಮ ಕರೀ ವೀಲ್ ಹಾಕಿಸೋಕೆ ಹೇಳ್ದ್ರಿ ಅಂತಾರೆ. ಯಾರೂ ಹೇಳಂಗಿಲ್ಲ ಸಾರ್ ಇದನ್ನ.” ಅವರು ಹೇಳಿದ್ದು ಸರಿಯಾಗಿತ್ತು. ಅಳಿಯಂದಿರಿಗೆ ನಾನು ಫೋನ್ ಮಾಡಿದಾಗ ಅವರ ಮೊದಲ ಮಾತೇ, “ಏನ್ ಮಾವ, ನಿಮ್ ಕರೀ ಚಕ್ರ ನೆನಪಾಯ್ತಾ?” ಎಂದಾಗಿತ್ತು.

ಏಳನೆಯ ತಿಂಗಳಲ್ಲಿ ಬಳೆ ತೊಡಿಸುವ ಶಾಸ್ತ್ರ ಮುಗಿಸಿ ಮಗಳನ್ನು ಹೆರಿಗೆಗೆ ಮಂಡ್ಯಕ್ಕೆ ಕರೆತರಬೇಕಾಗಿತ್ತು. ನನ್ನ ಹೆಂಡತಿಗೆ ಮಂಡಿ ಊದಿದ್ದರಿಂದ ನಾನೊಬ್ಬನೇ ಹೋದೆ. ಮಳವಳ್ಳಿಯಿಂದ ಬಾಡಿಗೆ ಕಾರು ಮಾಡಿಕೊಂಡು ಹೋಗಿದ್ದೆ. ಏರಿ ಮಳೆಗೆ ಕುಸಿದಿದೆ, ಕಾರಿನ ಹೊಟ್ಟೆ ತಗುಲುತ್ತದೆ ಎಂದು ಚಾಲಕ ಡಾಂಬರು ರಸ್ತೆಯಲ್ಲಿಯೇ ನಿಲ್ಲಿಸಿ, ಕಾಯಲೂ ಒಪ್ಪದೆ ಹಿಂದಿರುಗಿದ. ನಾನು ನಡೆದು ತೋಟದ ಮನೆ ಸೇರಿದೆ. ಅಂದರೆ ಮಗಳು ಹೊರಡಬೇಕಾದದ್ದು ಜೀಪಿನಲ್ಲಿಯೇ ಎಂಬುದು ಅಲ್ಲಿಗೆ ತೀರ್ಮಾನವಾಯಿತು.

ಶಾಸ್ತ್ರ ಚೆನ್ನಾಗಿ ನಡೆಯಿತು. ಹಸಿರು ಬಳೆ ಮೊಣಕೈವರೆಗೂ ತೊಟ್ಟು ಮಗಳು ಕುಳಿತಿದ್ದಾಗ ನಾನು ಅಂಗಳಕ್ಕೆ ಹೋಗಿ, ಚಪ್ಪಲಿಯ ಬಾರು ಸರಿಮಾಡುವವನಂತೆ ಬಾಗಿ, ಜೀಪಿನ ಎಡ ಹಿಂಚಕ್ರದ ಒಳಬದಿ ನೋಡಿದೆ. ಬೆರಳುದ್ದದ ಬೆಸುಗೆ ಇತ್ತು. ಹೊಲಿಗೆ ಬಿಚ್ಚಿದ ಗಾಯದ ಗುರುತಿನ ಹಾಗೆ ಉಬ್ಬಿಕೊಂಡಿತ್ತು. ಅದರ ಎರಡೂ ಕಡೆ ಮಣ್ಣು ಮೆತ್ತಿದ್ದರಿಂದ ಬಿರುಕು ಮುಂದುವರಿದಿದೆಯೋ ಇಲ್ಲವೋ ತಿಳಿಯಲಿಲ್ಲ.

ಹೊರಡುವ ಹೊತ್ತಿಗೆ ಸಾಮಾನು ತುಂಬುವ ಕಾರ್ಯ ಆರಂಭವಾಯಿತು. ಸೊಸೆಯನ್ನು ಹೆರಿಗೆಗೆ ಕಳಿಸುವಾಗ ಬರಿಗೈಯಲ್ಲಿ ಕಳಿಸುವ ಪದ್ಧತಿ ಅವರಲ್ಲಿಲ್ಲ. ಮೊದಲು ಅಕ್ಕಿಯ ಮೂಟೆ ಬಂತು. ಅದರ ಮೇಲೆ ಮತ್ತೊಂದು. ಬಾಳೆಗೊನೆ, ಬೆಲ್ಲದ ಪೆಟ್ಟಿಗೆ, ಬೂದುಗುಂಬಳ, ರಾಗಿ. ಒಂದೊಂದು ಬಂದು ಬಿದ್ದಾಗಲೂ ಜೀಪಿನ ಹಿಂಭಾಗ ಕುಸಿದು, ಮತ್ತೆ ಸ್ವಲ್ಪ ಏಳುತ್ತಿತ್ತು. ಕೊನೆಗೆ ತೆಂಗಿನಕಾಯಿಯ ಗೋಣಿಚೀಲವನ್ನು ಇಬ್ಬರು ಹೊತ್ತು ತಂದಾಗ ನಾನು ತಡೆಯಲಾರದೆ ವಿನಂತಿಸಿದೆ:

“ಕಾಯಿ ಈಗ ಬೇಡ. ಬರುವ ವಾರ ನಾನೇ ಬಸ್ಸಿನಲ್ಲಿ ಬಂದು ತೆಗೆದುಕೊಂಡು ಹೋಗ್ತೀನಿ.”

ಬೀಗಿತಿ ಸೊಂಟದ ಮೇಲೆ ಕೈಯಿಟ್ಟರು.

“ನಮ್ ತೆಂಗಿನ್ಕಾಯಿ ನಿಮಗೆ ಭಾರ ಆಯ್ತಾ ಬೀಗ್ರೆ? ನಿಮ್ ಕಬ್ಬುಣ ನಮ್ ಅಟ್ಟೀಲಿ ವರ್ಸಾ ಆಯ್ತು, ನಾವ್ ಭಾರ ಅಂದ್ವಾ?”

ನೆರೆದಿದ್ದ ಹೆಂಗಸರು ನಕ್ಕರು. ಮಗಳೂ ಸ್ವಲ್ಪ ನಕ್ಕಳು. ನಗದೆ ಇದ್ದರೆ ಗಮನಿಸುವವರು ಅಲ್ಲಿದ್ದರು. ಚೀಲ ಒಳಗೆ ಹೋಯಿತು. ಮಗಳು ಮುಂದಿನ ಸೀಟಿನಲ್ಲಿ, ನೀರಿನ ಕಡೆಗೆ, ಕುಳಿತಳು. ಜೊತೆಗೆ ಹೋಗಿ ಬಿಟ್ಟುಬರಲು ಬೀಗಿತಿಯೂ ಅವರ ನಾದಿನಿಯೂ ಹಿಂದೆ ಹತ್ತಿದರು. ನನಗೂ ಒಂದು ಬದಿಯಲ್ಲಿ ಜಾಗ ಮಾಡಿದರು. ಹತ್ತಿ ಕುಳಿತೆ.

ಜೀಪು ಅಂಗಳ ದಾಟಿ ಏರಿಯ ಬುಡಕ್ಕೆ ಬಂದಾಗ ಎಡಗಡೆ ವಾಲಿ, ಹಿಂದಿನ ಚಕ್ರದ ಕಡೆಯಿಂದ ಟಕ್ಕೆಂದು ಒಂದು ಸದ್ದು ಬಂತು. ಕಲ್ಲು ಸಿಡಿದದ್ದೂ ಇರಬಹುದು. ಅಕ್ಕಿಯನ್ನು ಇಳಿಸಲು ನನಗೆ ಅಧಿಕಾರವಿರಲಿಲ್ಲ. ತೆಂಗಿನಕಾಯಿಯನ್ನೂ ಇಳಿಸುವಂತಿರಲಿಲ್ಲ. ಬೀಗಿತಿಯನ್ನಂತೂ ಕೇಳುವ ಹಾಗೆಯೇ ಇಲ್ಲ. ಆ ವಾಹನದಲ್ಲಿ ನನ್ನ ಮಾತಿಗೆ ಒಳಪಟ್ಟಿದ್ದ ತೂಕ ಒಂದೇ.

“ನಿಲ್ಲಿಸಿ. ನಾನು ಇಳಿದು ನಡೆದು ಬರ್ತೀನಿ.”

“ಯಾಕ್ ಮಾವ, ತಲೆ ತಿರುಗ್ತಾ?”

“ಹೊರೆ ಹೆಚ್ಚಾಗಿದೆ.”

ಅಳಿಯಂದಿರು ಸ್ಟೀರಿಂಗಿನ ಮೇಲೆ ಕೈಯಿಟ್ಟು ಜೋರಾಗಿ ನಕ್ಕರು. “ಅವ್ವ, ಮಾವ ಲೋಡ್ ಕಮ್ಮಿ ಮಾಡ್ತಾರಂತೆ.”

“ಮಾಡ್ಲಿ ಬುಡ್ಲಾ. ಎಲುಬು ಸಡ್ಲಾಯ್ತದೆ, ಒಳ್ಳೇದೆ” ಎಂದರು ಬೀಗಿತಿ.

ಮಗಳು ತಿರುಗಿ ನೋಡಿದಳು. “ಅಪ್ಪ, ಹತ್ತಿ. ಎಲ್ಲರ ಮುಂದೆ ಯಾಕೆ ಹೀಗೆ.” ಮೆಲ್ಲಗೆ ಹೇಳಿದಳು. ನಾನು ಇಳಿದಾಗಿತ್ತು.

ಜೀಪು ಮುಂದೆ, ನಾನು ಹಿಂದೆ. ಅವರು ನಿಧಾನವಾಗಿಯೇ ಓಡಿಸಿದರು. ಅಷ್ಟು ದಯೆ ತೋರಿಸಿದರು. ಎಡ ಚಕ್ರ ಅಂಚಿನ ಹುಲ್ಲನ್ನು ತುಳಿದುಕೊಂಡು, ಕುಸಿದ ಮಣ್ಣನ್ನು ನೀರಿಗೆ ಉರುಳಿಸಿಕೊಂಡು ಹೋಗುತ್ತಿತ್ತು. ಒಂದೊಂದು ಸುತ್ತಿಗೂ ಬೆಸುಗೆ ಮೇಲೆ ಬರುವುದು, ಕೆಳಗೆ ಹೋಗುವುದು. ನಾನು ಅದನ್ನೇ ನೋಡುತ್ತ ನಡೆದೆ. ಮುರಿಯುವುದಾದರೆ ನಾನು ಮಾಡಬಹುದಾದದ್ದು ಏನೂ ಇರಲಿಲ್ಲ. ಆದರೂ ಕಣ್ಣು ತೆಗೆದರೆ ಆ ಕ್ಷಣದಲ್ಲಿಯೇ ಮುರಿಯುವುದೆಂಬಂತೆ ನೋಡುತ್ತಿದ್ದೆ. ಎದುರಿನಿಂದ ಮೇಕೆ ಹೊಡೆದುಕೊಂಡು ಬಂದ ಮುದುಕನೊಬ್ಬ ಜೀಪಿಗೆ ದಾರಿ ಬಿಟ್ಟು ಗದ್ದೆಯ ಕಡೆ ಇಳಿದು ನಿಂತಿದ್ದ. ನನ್ನನ್ನು ನೋಡಿ, “ಇಳಿಸ್ಬುಟ್ರಾ?” ಎಂದು ಕೇಳಿದ.

ಚಕ್ರ ಮುರಿಯಲಿಲ್ಲ. ಈ ಅಂಶವನ್ನು ಸ್ಪಷ್ಟವಾಗಿ ದಾಖಲಿಸಬಯಸುತ್ತೇನೆ. ಜೀಪು ಡಾಂಬರು ರಸ್ತೆಗೆ ಹತ್ತಿ ನಿಂತಿತು. ನಾನು ಬೆವರೊರೆಸಿಕೊಳ್ಳುತ್ತ ಹತ್ತಿರ ಹೋದಾಗ ಅಳಿಯಂದಿರು ಕೆಳಗಿಳಿದು, ಹಿಂದಿನ ಟೈರಿಗೆ ಕಾಲಿನಿಂದ ಒಮ್ಮೆ ಒದ್ದು ತೋರಿಸಿದರು.

“ನೋಡಿ ಮಾವ. ಏನಾಯ್ತು?”

“ಏನೂ ಆಗಲಿಲ್ಲ” ಎಂದೆ.

ಅದು ನಿಜವಾಗಿತ್ತು. ಏನೂ ಆಗದಿರಲೆಂದೇ ನಾನು ಆ ದಾರಿಯುದ್ದಕ್ಕೂ ದೇವರಲ್ಲಿ ಮೊರೆಯಿಟ್ಟಿದ್ದೆ. ದೇವರು ಮೊರೆ ಕೇಳಿ, ಅದನ್ನೇ ನನ್ನ ವಿರುದ್ಧದ ಪುರಾವೆಯಾಗಿ ಅವರ ಕೈಗೆ ಕೊಟ್ಟಿದ್ದ. ಇನ್ನು ಆ ಚಕ್ರದ ಮಾತನ್ನು ನಾನು ಆ ಮನೆಯಲ್ಲಿ ಎತ್ತುವಂತಿಲ್ಲ. ಹೆರಿಗೆಯಾದ ಮೇಲೆ ಮಗುವನ್ನು ಎತ್ತಿಕೊಂಡು ಆಕೆ ಹಿಂದಿರುಗುವುದೂ ಅದೇ ಏರಿಯ ಮೇಲೆ.

ಅಳಿಯಂದಿರು ಬೀಡಾ ತರಲು ರಸ್ತೆಯಾಚೆಯ ಗೂಡಂಗಡಿಗೆ ಹೋದರು. ಹಿಂದೆ ಇಬ್ಬರು ಹೆಂಗಸರು ಚೀಲಗಳನ್ನು ಸರಿಸಿ ನನಗೆ ಜಾಗ ಮಾಡುತ್ತಿದ್ದರು. ಮಗಳು ಬಾಗಿಲಿನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು. ಬಳೆಗಳ ಕೆಳಗೆ ಬೆರಳುಗಳು ಕಂಬಿಯನ್ನು ಹಿಡಿದಿದ್ದ ಹಿಡಿತ ಇನ್ನೂ ಸಡಿಲವಾಗಿರಲಿಲ್ಲ. ನಾನು ಸಮೀಪ ಹೋಗಿ, ಹೆದರಿದೆಯಾ ಎಂದು ಕೇಳಿದೆ. ಆಕೆ ನನ್ನನ್ನು ನೋಡದೆ, ನನಗೆ ಮಾತ್ರ ಕೇಳುವಂತೆ ಹೇಳಿದಳು:

“ನೀವು ಇಳಿದ್ರಿ ಅಪ್ಪ. ನಾನು ಎಲ್ಲಿ ಇಳೀಲಿ?”

ಅಳಿಯಂದಿರು ಬಂದರು. ಜೀಪು ಮಳವಳ್ಳಿಯ ಕಡೆಗೆ ಹೊರಟಿತು. ನಾನು ತೆಂಗಿನಕಾಯಿಯ ಗೋಣಿಗೆ ಒರಗಿ ಕುಳಿತು, ಕಾಲ ಬಳಿ ಇದ್ದ ಮಗಳ ಬಟ್ಟೆಯ ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ತೂಕದ ದೃಷ್ಟಿಯಿಂದ ಅದರಿಂದ ಯಾವ ವ್ಯತ್ಯಾಸವೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು.